ಹೆಸರು ಹೆಂಡತಿಯದು, ಓಟಿಪಿ ಗಂಡನದು

ಅಮೆರಿಕದ ಪಾಸ್‌ಪೋರ್ಟ್ ಇಟ್ಟುಕೊಂಡು ಬೆಂಗಳೂರಿನಲ್ಲಿ ದುಡಿಯುವ ಗಂಡ, ಭಾರತದ ಪಾಸ್‌ಪೋರ್ಟಿನ ಹೆಂಡತಿ. ನಾನು ಕೌನ್ಸೆಲರ್, ಇಂಥ ಜೋಡಿಗಳು ನನ್ನ ಹತ್ತಿರ ಬರುವುದು ಈಚೆಗೆ ಜಾಸ್ತಿಯಾಗಿದೆ. ಬರುವಾಗ ಹೇಳುವ ಕಾರಣಗಳು ಬೇರೆ ಬೇರೆ. ಮಕ್ಕಳ ಸ್ಕೂಲು, ಅತ್ತೆಮನೆ, ವಾಪಸ್ ಹೋಗೋಣವೋ ಇಲ್ಲೇ ಇರೋಣವೋ ಎಂಬ ಎಳೆದಾಟ. ಸ್ವಲ್ಪ ಮಾತಾಡಿದರೆ ವಿಷಯ ದುಡ್ಡಿಗೆ ಬಂದು ನಿಲ್ಲುತ್ತದೆ, ಅದರಲ್ಲೂ ರಿಟೈರ್ ಆದ ಮೇಲಿನ ದುಡ್ಡಿಗೆ. ಈ ಪ್ರಕರಣದಲ್ಲಿ ಅಪರೂಪದ್ದು ಏನೂ ಇಲ್ಲ. ಮತ್ತೆ ಮತ್ತೆ ಎದುರಾಗುತ್ತಿದೆ ಅಂತಲೇ ಬರೆಯುತ್ತಿದ್ದೇನೆ. ಹೆಸರು, ಊರು, ಮೊತ್ತ ಎಲ್ಲ ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ.

ಗಂಡನನ್ನು ರಘು ಎನ್ನೋಣ, ಹೆಂಡತಿಯನ್ನು ವೀಣಾ. ರಘು ಹುಟ್ಟಿದ್ದು ಒಹಾಯೋದಲ್ಲಿ, ಅಪ್ಪ ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಗ. ನಾಲ್ಕು ವರ್ಷದ ಹುಡುಗನಾಗಿದ್ದಾಗ ಮನೆಯವರೆಲ್ಲ ಮೈಸೂರಿಗೆ ವಾಪಸ್ ಬಂದರು. ಓದೆಲ್ಲ ಅಲ್ಲೇ. ಆಮೇಲೆ ಎಂಟು ವರ್ಷ ಅಮೆರಿಕದಲ್ಲಿ ಕೆಲಸ, ಮತ್ತೆ ಬೆಂಗಳೂರು. ಹುಟ್ಟಿನಿಂದಲೇ ಅಮೆರಿಕದ ಪ್ರಜೆ, ಇಲ್ಲಿ ಭಾರತ ಮೂಲದ ವಿದೇಶಿಯರಿಗೆ ಕೊಡುವ ಓಸಿಐ ಕಾರ್ಡು. ವಯಸ್ಸು ನಲವತ್ತೈದು. ವೀಣಾ ಹಾಸನದ ಕಡೆಯವರು. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು, ಎರಡನೇ ಮಗು ಆದಾಗ ಬಿಟ್ಟರು. ಅಮೆರಿಕದಲ್ಲಿ ಯಾವತ್ತೂ ವಾಸ ಮಾಡಿದವರಲ್ಲ.

ಜಗಳ ನಾಲ್ಕು ಲಕ್ಷ ರೂಪಾಯಿಯದು. ವೀಣಾ ತಮ್ಮ ಹೆಸರಿನ ಮ್ಯೂಚುವಲ್ ಫಂಡಿನಿಂದ ಅಷ್ಟನ್ನು ತೆಗೆದು ತಾಯಿಯ ಆಪರೇಷನ್‌ಗೆ ಕೊಟ್ಟಿದ್ದರು, ಗಂಡನಿಗೆ ಹೇಳದೆ. ಆ ಫಂಡಿಗೆ ಜೋಡಿಸಿದ್ದ ಫೋನ್ ನಂಬರ್ ರಘು ಅವರದು. ಆನ್‌ಲೈನಿನಲ್ಲಿ ತೆಗೆಯಲು ಹೋದರೆ ಓಟಿಪಿ ಅವರಿಗೆ ಬರುತ್ತದೆ. ಅದಕ್ಕೇ ವೀಣಾ ಸೀದಾ ಸೇವಾ ಕೇಂದ್ರಕ್ಕೆ ಹೋಗಿ, ಕಾಗದದ ಫಾರಂ ತುಂಬಿ, ಸಹಿ ಹಾಕಿ ಬಂದರು. ಮೆಸೇಜ್ ಮಾತ್ರ ಆಫೀಸಿನಲ್ಲಿದ್ದ ರಘು ಫೋನಿಗೆ ಹೋಯಿತು. ಆ ರಾತ್ರಿ "ಕದ್ದೆ" ಎಂಬ ಮಾತು ಬಂತು. ಅಲ್ಲಿಂದ ಮೂರು ವಾರ ಮನೆಯಲ್ಲಿ ಮಾತಿಲ್ಲ.

ಸಂಬಳದಾರ ಗಂಡ, ಫಂಡಿಗೆ ತಿಂಗಳು ತಿಂಗಳು ಕಟ್ಟುವ ಕಂತು, ಅಂದರೆ ಐದು ವರ್ಷದ ಎಸ್‌ಐಪಿ, ಪೂರ್ತಿ ಹೆಂಡತಿಯ ಹೆಸರಲ್ಲಿ. ಇದು ಪ್ರೀತಿಯಿಂದ ಆದದ್ದಲ್ಲ, ಅಮೆರಿಕದ ತೆರಿಗೆಯ ಫಾರಂ 8621ರ ಭಯದಿಂದ ಆದದ್ದು. ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದು ಗೊತ್ತಿಲ್ಲದೆ ಜಗಳ ಅರ್ಥವಾಗುವುದಿಲ್ಲ.

ಅಮೆರಿಕದ ಪ್ರಜೆ ಎಲ್ಲೇ ಇದ್ದರೂ, ಎಲ್ಲೇ ದುಡಿದರೂ ಅಲ್ಲಿನ ತೆರಿಗೆ ಕಾನೂನು ಬೆನ್ನು ಬಿಡುವುದಿಲ್ಲ. ನಮ್ಮ ಮ್ಯೂಚುವಲ್ ಫಂಡುಗಳನ್ನು ಆ ಕಾನೂನು ಪಿಎಫ್‌ಐಸಿ ಎಂಬ ಗುಂಪಿಗೆ ಸೇರಿಸುತ್ತದೆ. 1986ರ ತೆರಿಗೆ ಸುಧಾರಣೆಯಲ್ಲಿ ಬಂದ ನಿಯಮ ಅದು. ಅಮೆರಿಕನ್ನರು ಹೊರದೇಶದ ಫಂಡಿನಲ್ಲಿ ದುಡ್ಡಿಟ್ಟು ತೆರಿಗೆ ಮುಂದೂಡುವುದನ್ನು ತಡೆಯಲು ಮಾಡಿದ್ದು. ಮಾಮೂಲಿ ಲೆಕ್ಕದಲ್ಲಿ ಹೋದರೆ, ಫಂಡ್ ಮಾರಿದಾಗ ಬಂದ ಲಾಭವನ್ನು ಇಟ್ಟುಕೊಂಡಿದ್ದ ವರ್ಷಗಳಿಗೆಲ್ಲ ಹಂಚುತ್ತಾರೆ. ಹಿಂದಿನ ವರ್ಷಗಳ ಪಾಲಿಗೆ ಆಯಾ ವರ್ಷದ ಅತಿ ಹೆಚ್ಚಿನ ದರದ ತೆರಿಗೆ, ಈಗಿನ ದರ 37 ಶೇಕಡಾ. ಮೇಲೆ ಬಡ್ಡಿ ಬೇರೆ. ಹೂಡಿಕೆ ಒಂದು ಮಟ್ಟ ದಾಟಿದರೆ ಒಂದೊಂದು ಫಂಡಿಗೂ ವರ್ಷಕ್ಕೊಂದು ಫಾರಂ 8621. ಇಪ್ಪತ್ತು ವರ್ಷ ಎಸ್‌ಐಪಿ ಕಟ್ಟಿ ರಿಟೈರ್ ಆಗುವ ಆಸೆ ಇರುವವರಿಗೆ ಇದು ನಿಜಕ್ಕೂ ದೊಡ್ಡ ಏಟು.

ಹೆಂಡತಿ ಅಮೆರಿಕದ ಪ್ರಜೆ ಅಲ್ಲ, ಅಲ್ಲಿನ ಗ್ರೀನ್ ಕಾರ್ಡೂ ಇಲ್ಲ ಅಂದರೆ ಈ ನಿಯಮ ಅವರನ್ನು ಮುಟ್ಟುವುದಿಲ್ಲ. ಹಾಗಾಗಿ ಅಪಾರ್ಟ್‌ಮೆಂಟಿನ ಗೆಳೆಯರು, ವಾಟ್ಸ್‌ಆ್ಯಪ್ ಗುಂಪಿನ ಅಣ್ಣಂದಿರು ಎಲ್ಲರೂ ಕೊಡುವ ಸಲಹೆ ಒಂದೇ: "ಎಲ್ಲಾ ಹೆಂಡ್ತಿ ಹೆಸರಲ್ಲಿ ಹಾಕಿಬಿಡಪ್ಪ." ರಘು ಹಾಕಿದರು. ಮ್ಯೂಚುವಲ್ ಫಂಡಿಗೆ ಬೇರೆಯವರ ಖಾತೆಯಿಂದ ದುಡ್ಡು ಕಟ್ಟುವಂತಿಲ್ಲ. ಅದಕ್ಕೆ ತಿಂಗಳ ಮೊದಲ ದಿನ ವೀಣಾ ಖಾತೆಗೆ ದುಡ್ಡು, ಐದನೇ ತಾರೀಕು ಅಲ್ಲಿಂದ ಎಸ್‌ಐಪಿ. ಪಾಸ್‌ವರ್ಡು, ಫೋನ್ ನಂಬರು, ಯಾವ ಫಂಡು, ಯಾವಾಗ ಬದಲಿಸಬೇಕು, ಎಲ್ಲವೂ ರಘು ಕೈಯಲ್ಲಿ.

ಮೊದಲ ಭೇಟಿಯಲ್ಲಿ ಹೆಚ್ಚೇನೂ ಆಗಲಿಲ್ಲ. ಇಬ್ಬರೂ ನನ್ನನ್ನು ನೋಡಿ ಮಾತಾಡಿದರು, ಒಬ್ಬರನ್ನೊಬ್ಬರು ನೋಡಲಿಲ್ಲ. ಎರಡನೆಯದರಲ್ಲಿ ಮಾತು ಬಿಚ್ಚಿತು.

ವೀಣಾ ಕೇಳಿದರು: "ನನ್ನ ಹೆಸರಲ್ಲಿರೋದನ್ನ ನಾನು ತೆಗೆದೆ. ಅದು ಕಳ್ಳತನ ಹೇಗಾಗುತ್ತೆ?"

ರಘು ತಕ್ಷಣ ಹೇಳಿದರು: "ಹೆಸರು ನಿಂದು. ಅದು ಬರೀ ಟ್ಯಾಕ್ಸ್‌ಗೋಸ್ಕರ. ದುಡ್ಡು ನಂದೇ ಅಲ್ವಾ?"

ನಾನು ಮೇಜಿನ ಮೇಲಿದ್ದ ಹಾಳೆಯನ್ನು ಅವರ ಕಡೆ ಸರಿಸಿದೆ. "ಈಗ ಹೇಳಿದ್ದನ್ನ ಇಲ್ಲಿ ಬರೆದು ಸಹಿ ಹಾಕ್ತೀರಾ?"

"ಯಾಕೆ?"

"ಅಮೆರಿಕದ ರಿಟರ್ನಿನಲ್ಲಿ ನೀವು ಪ್ರತಿ ವರ್ಷ ಇದರ ಉಲ್ಟಾ ಹೇಳಿ ಸಹಿ ಹಾಕ್ತಾ ಇದೀರಿ. ಎರಡರಲ್ಲಿ ಯಾವುದು ನಿಜ ಅಂತ ನನಗೂ ಗೊತ್ತಾಗಲಿ."

ರಘು ಎಂಜಿನಿಯರ್. ಅರ್ಥವಾಗಲು ಹೊತ್ತು ಬೇಕಾಗಲಿಲ್ಲ. ಮುಖ ಮಾತ್ರ ಬಿಗಿಯಾಯಿತು. ನಾನು ಹೆದರಿಸುತ್ತಿದ್ದೇನೆ ಅಂತ ಅನ್ನಿಸಿರಬೇಕು. ಇಂಥ ಕಡೆ ಕೌನ್ಸೆಲರ್ ಮೆತ್ತಗೆ ಮಾತಾಡಬೇಕು, ತೆರಿಗೆ ಇಲಾಖೆಯ ಹೆಸರು ಎತ್ತಬಾರದು ಅಂತ ನನ್ನ ಜೊತೆ ಕೆಲಸ ಮಾಡುವ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ದುಡ್ಡಿನ ಜಗಳದಲ್ಲಿ ಭಾವನೆಯನ್ನು ಮಾತ್ರ ಮಾತಾಡಿ, ಕಾಗದದಲ್ಲಿ ಏನಿದೆ ಅಂತ ನೋಡದೆ ಕಳಿಸಿದರೆ ಅವರು ಆರು ತಿಂಗಳಿಗೆ ಮತ್ತೆ ಬರುತ್ತಾರೆ. ಈ ಮನೆಯಲ್ಲಿ ಕಾನೂನು ಕೇಳುವ ಪ್ರಶ್ನೆಯೂ ಹೆಂಡತಿ ಕೇಳುವ ಪ್ರಶ್ನೆಯೂ ಒಂದೇ ಆಗಿತ್ತು: ಇದು ಯಾರದು?

ಆಗ ವೀಣಾ ಹೇಳಿದ ಮಾತು ನಾನು ಎಣಿಸಿದ್ದಲ್ಲ. ದನಿ ಏರಿಸದೆ ಹೇಳಿದರು: "ನಂದಾದ್ರೆ ನಂದು ಅಂತ ಹೇಳಲಿ. ಇಲ್ಲಾಂದ್ರೆ ನನ್ನ ಹೆಸರು ತೆಗೆದುಬಿಡಲಿ. ನಾನು ಹೆಸರನ್ನ ಬಾಡಿಗೆಗೆ ಕೊಟ್ಟಿಲ್ಲ."

ರಘು ಸ್ವಲ್ಪ ಹೊತ್ತು ಸುಮ್ಮನಿದ್ದು, ಅರ್ಧ ನಗುತ್ತಾ ಕೇಳಿದರು: "ನಾಳೆ ಏನಾದ್ರೂ ಆಗಿ ನಾವು ಬೇರೆ ಆದ್ರೆ?"

ನಗುತ್ತಾ ಕೇಳಿದರೂ ಅದು ತಮಾಷೆಯಾಗಿರಲಿಲ್ಲ. ಐದು ವರ್ಷ ಓಟಿಪಿಯನ್ನು ತನ್ನ ಫೋನಿಗೆ ಬರುವಂತೆ ಇಟ್ಟುಕೊಂಡಿದ್ದಕ್ಕೆ ಕಾರಣ ಈ ಪ್ರಶ್ನೆ. ಅದು ಕೆಟ್ಟ ಪ್ರಶ್ನೆ ಅಂತ ನಾನು ಹೇಳಲಿಲ್ಲ. ನಲವತ್ತೈದು ವರ್ಷದ ಮನುಷ್ಯನಿಗೆ ತನ್ನ ಮುಪ್ಪಿನ ದುಡ್ಡು ಪೂರ್ತಿ ಇನ್ನೊಬ್ಬರ ಹೆಸರಲ್ಲಿ ಇರುವುದು ಹೆದರಿಕೆಯೇ. ಆದರೆ ಆ ಹೆದರಿಕೆಗೆ ಮದ್ದು ಬೇರೆ ಇದೆ. ತನ್ನ ಹೆಸರಲ್ಲೇ, ತನ್ನ ದೇಶದ ಕಾನೂನಿಗೆ ಒಗ್ಗುವ ಜಾಗದಲ್ಲಿ ತನ್ನ ಪಾಲನ್ನು ಕಟ್ಟಿಕೊಳ್ಳುವುದು. ರಘು ಅದನ್ನು ಮಾಡಿರಲೇ ಇಲ್ಲ. ಎಲ್ಲವನ್ನೂ ಹೆಂಡತಿಯ ಹೆಸರಿಗೆ ತಳ್ಳಿ, ಕಾವಲು ಮಾತ್ರ ತಾವು ಕಾಯುತ್ತಿದ್ದರು.

ನಮ್ಮಲ್ಲಿ ಇದು ವಿಚಿತ್ರ ಅನ್ನಿಸುವುದಿಲ್ಲ. ಬಿಡಿಎ ಸೈಟನ್ನು ಹೆಂಡತಿ ಹೆಸರಿಗೆ ಮಾಡಿಸುವುದು ಬೆಂಗಳೂರಿನ ಹಳೇ ರೂಢಿ. ಬೇನಾಮಿ ಕಾನೂನು ಕೂಡ ಲೆಕ್ಕಕ್ಕೆ ಸಿಗುವ ದುಡ್ಡಿನಿಂದ ಹೆಂಡತಿಯ ಹೆಸರಲ್ಲಿ ಕೊಂಡಿದ್ದನ್ನು ಬೇನಾಮಿ ಅನ್ನುವುದಿಲ್ಲ, ಅದಕ್ಕೆ ವಿನಾಯಿತಿ ಇದೆ. ಹಾಗಾಗಿ ನಮ್ಮ ಗಂಡಸರಿಗೆ ಹೆಸರು ಒಂದು ಕಡೆ, ಯಜಮಾನಿಕೆ ಒಂದು ಕಡೆ ಇರುವುದು ತೀರಾ ಸಹಜ. ಅಮೆರಿಕದ ಕಾನೂನು ಹಾಗೆ ನೋಡುವುದಿಲ್ಲ. ಹೊರದೇಶದ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಯಾವಾಗಲಾದರೂ 10,000 ಡಾಲರ್ ದಾಟಿದರೆ ಎಫ್‌ಬಾರ್ ಎಂಬ ವರದಿ ಕೊಡಬೇಕು. ಖಾತೆ ಇನ್ನೊಬ್ಬರ ಹೆಸರಲ್ಲಿದ್ದು, ಅವರು ನಿಮ್ಮ ಪರವಾಗಿ ಸುಮ್ನೆ ಹೆಸರು ಕೊಟ್ಟವರಾದರೆ ಅದೂ ನಿಮ್ಮ ಖಾತೆಯೇ. ಪಿಎಫ್‌ಐಸಿಯಲ್ಲೂ ನಿಜವಾದ ಒಡೆಯ ಯಾರು ಅಂತಲೇ ನೋಡುತ್ತಾರೆ. ಉಡುಗೊರೆ ಅನ್ನಿಸಿಕೊಳ್ಳಬೇಕಾದರೆ ಕೊಟ್ಟವನು ಹತೋಟಿ ಬಿಟ್ಟಿರಬೇಕು. ಓಟಿಪಿ ನಿಮ್ಮ ಫೋನಿಗೆ ಬರುತ್ತಾ, ತೆಗೆದರೆ ಕದ್ದೆ ಅನ್ನುತ್ತಾ, ಉಡುಗೊರೆ ಕೊಟ್ಟಿದ್ದೇನೆ ಅಂತ ಯಾರ ಮುಂದೆ ವಾದ ಮಾಡುತ್ತೀರಿ?

ಭಾರತದ ತೆರಿಗೆ ಇನ್ನೊಂದು ಕಡೆಯಿಂದ ಬರುತ್ತದೆ. ಗಂಡ ಹೆಂಡತಿಗೆ ಸುಮ್ನೆ ಕೊಟ್ಟ ದುಡ್ಡಿನ ಗಳಿಕೆಯನ್ನು ಗಂಡನ ಆದಾಯಕ್ಕೇ ಸೇರಿಸುವ ಕ್ಲಬ್ಬಿಂಗ್ ನಿಯಮ ಇದೆ. ದುಡ್ಡು ಅವಳದೇ ಇರಲಿ, ತೆರಿಗೆ ನೀನು ಕಟ್ಟು ಅನ್ನುತ್ತದೆ. ನಾಲ್ಕು ಲಕ್ಷದಲ್ಲಿ ಬಂದ ಲಾಭ ರಘು ಅವರ ಇಲ್ಲಿನ ರಿಟರ್ನಿನಲ್ಲಿ ಬರಬೇಕಿತ್ತು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇದನ್ನು ಯಾರೂ ಹೇಳಿರಲಿಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ಇಬ್ಬರೂ ಕೂತು ಒಂದನ್ನು ಆರಿಸಿ. ಆ ಫಂಡು ವೀಣಾ ಅವರದು ಅಂತಾದರೆ ಪೂರ್ತಿ ಅವರದು. ಫೋನ್ ನಂಬರು, ಇಮೇಲು, ಪಾಸ್‌ವರ್ಡು ಎಲ್ಲ ಅವರ ಕೈಗೆ. ಯಾವ ಫಂಡು, ಎಷ್ಟು, ಯಾವಾಗ ತೆಗೆಯುವುದು ಅವರ ತೀರ್ಮಾನ. ತಾಯಿಗೆ ಕೊಟ್ಟರೂ ಕೇಳುವ ಹಾಗಿಲ್ಲ. ಕೊಟ್ಟಿದ್ದಕ್ಕೆ ಒಂದು ಪತ್ರ ಬರೆದು ಇಡಿ. ಪ್ರಜೆಯಲ್ಲದ ಹೆಂಡತಿಗೆ ಅಮೆರಿಕದ ಪ್ರಜೆ 2025ರಲ್ಲಿ 190,000 ಡಾಲರ್‌ವರೆಗೆ ಉಡುಗೊರೆ ತೆರಿಗೆಯ ಗೊಡವೆಯಿಲ್ಲದೆ ಕೊಡಬಹುದಿತ್ತು, ಇವರ ಮೊತ್ತ ಅದರ ಹತ್ತಿರಕ್ಕೂ ಬರುವುದಿಲ್ಲ. ಅಷ್ಟು ಮನಸ್ಸಿಲ್ಲ ಅಂತಾದರೆ ಅದು ರಘು ಅವರ ದುಡ್ಡು ಅಂತ ಒಪ್ಪಿಕೊಂಡು, ಹಳೇ ವರ್ಷಗಳ ಲೆಕ್ಕವನ್ನು ಅಮೆರಿಕಕ್ಕೆ ಸರಿಯಾಗಿ ಕೊಡಿ. ಬೇಕೆಂದೇ ಮುಚ್ಚಿಡದವರಿಗೆ ಅಲ್ಲಿ ಸ್ಟ್ರೀಮ್‌ಲೈನ್ಡ್ ಎಂಬ ದಾರಿ ಇದೆ. ಹೊರದೇಶದಲ್ಲಿ ವಾಸ ಇರುವವರು ಮೂರು ವರ್ಷದ ರಿಟರ್ನು, ಆರು ವರ್ಷದ ಎಫ್‌ಬಾರ್ ಕೊಟ್ಟು, ಯಾಕೆ ತಪ್ಪಿತು ಅಂತ ನಿಜ ಬರೆದರೆ ದಂಡ ಹಾಕುವುದಿಲ್ಲ. ಬಾಕಿ ತೆರಿಗೆ, ಬಡ್ಡಿ ಕಟ್ಟಬೇಕು. ಇನ್ನು ಮುಂದಕ್ಕೆ ಹೆಂಡತಿಗೆ ಕೊಟ್ಟರೂ, ಹಿಂದಿನ ಐದು ವರ್ಷ ಯಾರದ್ದು ಎಂಬುದನ್ನು ಅಮೆರಿಕದ ತೆರಿಗೆ ಗೊತ್ತಿರುವ ಲೆಕ್ಕಿಗರ ಮುಂದೆ ಬಿಚ್ಚಿ ಹೇಳಲೇಬೇಕು ಅಂತಲೂ ಹೇಳಿದೆ. ಆ ಅರ್ಜಿಯನ್ನು ನಾನು ಬರೆಯುವುದಿಲ್ಲ, ಬರೆಯಲೂಬಾರದು. ಅದು ಲೆಕ್ಕಿಗರ ಕೆಲಸ.

ಮೂರನೇ ದಾರಿ ಇಲ್ಲವಾ ಅಂತ ರಘು ಕೇಳಿದರು. ಈಗಿರುವ ಹಾಗೇ ಇರುವುದು ಮೂರನೇ ದಾರಿ. ಅದಕ್ಕೆ ನಾನು ಒಪ್ಪಲಿಲ್ಲ. ಮನೆಯಲ್ಲಿ ಒಂದು, ಕಾಗದದಲ್ಲಿ ಇನ್ನೊಂದು ಇಟ್ಟುಕೊಂಡು ಇಪ್ಪತ್ತು ವರ್ಷ ಕಳೆಯಿರಿ ಅಂತ ನಾನು ಯಾರಿಗೂ ಹೇಳಲಾರೆ.

ಇದನ್ನು ಓದುವ ಚಾರ್ಟರ್ಡ್ ಅಕೌಂಟೆಂಟರು ಕೆಲವರು ಸಿಟ್ಟಾಗಬಹುದು. ಹೆಂಡತಿಯ ಹೆಸರಲ್ಲಿ ಹೂಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಹೆಂಡತಿಗೇ ಸಂಬಳ ಇದ್ದರೆ ಅವರ ದುಡ್ಡನ್ನು ಇಲ್ಲಿನ ಫಂಡಿನಲ್ಲಿ ಹಾಕಿ, ಮನೆ ಖರ್ಚನ್ನು ಗಂಡ ನೋಡಿಕೊಳ್ಳುವುದು ಒಳ್ಳೇ ಏರ್ಪಾಡು. ಎಷ್ಟೋ ಮನೆಗಳಲ್ಲಿ ಚೆನ್ನಾಗಿ ನಡೆಯುತ್ತಿದೆ. ನನ್ನ ತಕರಾರು ಅರ್ಧ ಕೊಟ್ಟು ಅರ್ಧ ಹಿಡಿದುಕೊಳ್ಳುವುದಕ್ಕೆ.

ರಘು ಪಾಲಿನ ಲೆಕ್ಕಕ್ಕೆ ಒಂದು ಇಡೀ ಭೇಟಿ ಹಿಡಿಯಿತು. ಅಲ್ಲಿ ವೀಣಾ ಹೆಚ್ಚು ಪ್ರಶ್ನೆ ಕೇಳಿದರು.

ಮೊದಲು ಪಿಎಫ್. ಭಾರತದ ಪಾಸ್‌ಪೋರ್ಟ್ ಇಲ್ಲದವರು ಇಲ್ಲಿ ಕೆಲಸ ಮಾಡಿದರೆ ಪಿಎಫ್ ಲೆಕ್ಕದಲ್ಲಿ ಅಂತಾರಾಷ್ಟ್ರೀಯ ಕೆಲಸಗಾರರು. ಓಸಿಐ ಇದ್ದರೂ ಅಷ್ಟೇ. 2008ರಿಂದ ಈ ನಿಯಮ ಇದೆ. ಉಳಿದವರಿಗಿರುವ 15,000 ರೂಪಾಯಿ ಮಿತಿ ಇವರಿಗಿಲ್ಲ, ಪೂರ್ತಿ ಸಂಬಳದ ಮೇಲೆ ಶೇಕಡಾ 12 ಕಟ್ಟಬೇಕು, ಕಂಪನಿಯೂ ಅಷ್ಟೇ ಕಟ್ಟುತ್ತದೆ. ತೆಗೆಯುವುದು ಸಾಮಾನ್ಯವಾಗಿ 58 ಆದ ಮೇಲೆ. ಈ ನಿಯಮ ಸಂವಿಧಾನಕ್ಕೆ ವಿರುದ್ಧ ಅಂತ ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ಹೇಳಿತು. ಬೇರೆ ಹೈಕೋರ್ಟುಗಳು ನಿಯಮವನ್ನು ಎತ್ತಿಹಿಡಿದಿವೆ. ರಘು ಅದನ್ನು ಸಂಬಳ ಕತ್ತರಿಸುವ ಶಿಕ್ಷೆ ಅಂತ ಬೈಯುತ್ತಿದ್ದರು. ನನಗೆ ಹಾಗೆ ಕಾಣಲಿಲ್ಲ. ಅವರ ಸ್ವಂತ ಹೆಸರಿನಲ್ಲಿ ತಾನಾಗಿ ಬೆಳೆಯುತ್ತಿದ್ದ ದುಡ್ಡು ಇಲ್ಲಿ ಅದೊಂದೇ. 2024-25ಕ್ಕೆ ಬಡ್ಡಿ ಶೇಕಡಾ 8.25. ಆದರೆ ಒಂದು ಎಚ್ಚರ: ಇಲ್ಲಿ ಒಂದು ಮಿತಿಯವರೆಗೆ ತೆರಿಗೆ ಇಲ್ಲ ಅಂದಮಾತ್ರಕ್ಕೆ ಅಮೆರಿಕದಲ್ಲೂ ಇಲ್ಲ ಅಂತಲ್ಲ. ಅಲ್ಲಿನ ಕಂಪನಿಗಳ ನಿವೃತ್ತಿ ಖಾತೆಯಾದ 401(ಕೆ)ಗೆ ಸಿಗುವ ಮನ್ನಣೆ ನಮ್ಮ ಪಿಎಫ್‌ಗೆ ಸಿಗುವುದಿಲ್ಲ. ಕಂಪನಿ ಕಟ್ಟಿದ ಪಾಲನ್ನು ರಿಟರ್ನಿನಲ್ಲಿ ತೋರಿಸಬೇಕು. ಎಫ್‌ಬಾರ್‌ನಲ್ಲೂ ಹೇಳಬೇಕಾ ಅಂತ ಲೆಕ್ಕಿಗರ ಹತ್ತಿರ ಕೇಳಿ ಅಂದೆ.

ಎರಡನೆಯದು ಐಆರ್‌ಎ. ಅಮೆರಿಕದಲ್ಲಿ ದುಡಿಮೆಯ ಗಳಿಕೆ ಇರುವವರು ಸ್ವಂತಕ್ಕೆ ತೆರೆಯಬಹುದಾದ ನಿವೃತ್ತಿ ಖಾತೆ ಇದು. 2025ರ ಮಿತಿ 7,000 ಡಾಲರ್, ಐವತ್ತು ತುಂಬಿದರೆ 8,000. ರಘು ಹಾಕಿರಲಿಲ್ಲ, "ನನಗೆ ಆಗಲ್ಲ" ಅಂದರು. ಅವರ ಮಾತು ನಿಜ, ಆದರೆ ಅದಕ್ಕೆ ಕಾರಣ ಅವರೇ ಮಾಡಿಕೊಂಡ ಆಯ್ಕೆ. ಹೊರದೇಶದ ಗಳಿಕೆಯನ್ನು ಲೆಕ್ಕದಿಂದಲೇ ಹೊರಗಿಡುವ ಫಾರಂ 2555 ಅವರು ಪ್ರತಿ ವರ್ಷ ತುಂಬುತ್ತಿದ್ದರು. 2025ಕ್ಕೆ ಅದರ ಮಿತಿ 130,000 ಡಾಲರ್. ಅರವತ್ತು ಲಕ್ಷದ ಆಸುಪಾಸಿನ ಅವರ ಸಂಬಳ ಅದರೊಳಗೇ ಮುಳುಗಿಹೋಗುತ್ತದೆ. ಅಮೆರಿಕದ ತೆರಿಗೆ ಸೊನ್ನೆ, ಅದಕ್ಕೆ ಖುಷಿ. ಆದರೆ ಹೊರಗಿಟ್ಟ ಗಳಿಕೆ ಐಆರ್‌ಎ ಲೆಕ್ಕಕ್ಕೆ ಗಳಿಕೆಯೇ ಅಲ್ಲ. ಎಲ್ಲವನ್ನೂ ಹೊರಗಿಟ್ಟವರು ಐಆರ್‌ಎಗೆ ಒಂದು ಡಾಲರ್ ಕೂಡ ಹಾಕುವಂತಿಲ್ಲ. ಗೊತ್ತಿಲ್ಲದೆ ಹಾಕಿದರೆ ಸರಿಪಡಿಸುವ ತನಕ ವರ್ಷ ವರ್ಷವೂ ಶೇಕಡಾ 6 ದಂಡ. ಹಾಗೆ ಸಿಕ್ಕಿಬಿದ್ದವರೂ ನನ್ನಲ್ಲಿಗೆ ಬಂದಿದ್ದಾರೆ.

ಇನ್ನೊಂದು ದಾರಿ ಫಾರಿನ್ ಟ್ಯಾಕ್ಸ್ ಕ್ರೆಡಿಟ್, ಫಾರಂ 1116. ಗಳಿಕೆಯನ್ನು ತೋರಿಸಿ, ಭಾರತದಲ್ಲಿ ಕಟ್ಟಿದ ತೆರಿಗೆಯನ್ನು ಅಲ್ಲಿ ವಜಾ ಮಾಡಿಸಿಕೊಳ್ಳುವುದು. ಈ ಮಟ್ಟದ ಸಂಬಳಕ್ಕೆ ಇಲ್ಲಿ ಕಟ್ಟುವ ತೆರಿಗೆ ಅಲ್ಲಿಗಿಂತ ಎಷ್ಟೋ ಜಾಸ್ತಿ. ಸಂಬಳದ ಮಟ್ಟಿಗೆ ಹೀಗೂ ಸೊನ್ನೆಯೇ ಬರುತ್ತದೆ. ಉಳಿದ ಕ್ರೆಡಿಟ್ ಹತ್ತು ವರ್ಷ ಮುಂದಕ್ಕೆ ಉಳಿಯುತ್ತದೆ, ಐಆರ್‌ಎ ಬಾಗಿಲೂ ತೆರೆಯುತ್ತದೆ. ಒಂದೇ ತೊಡಕು. 2555 ಬಿಟ್ಟರೆ ಮುಂದಿನ ಐದು ವರ್ಷ ಇಲಾಖೆಯ ಒಪ್ಪಿಗೆ ಇಲ್ಲದೆ ಮತ್ತೆ ಅದಕ್ಕೆ ಹೋಗುವಂತಿಲ್ಲ. ದುಬೈಯಂಥ ತೆರಿಗೆ ಇಲ್ಲದ ಊರಿಗೆ ವರ್ಗವಾಗುವ ಸಂಭವ ಇದ್ದರೆ ಯೋಚಿಸಬೇಕು. ರಘುಗೆ ಆ ಯೋಚನೆ ಇರಲಿಲ್ಲ.

ಮೂರು ದಿನ ಬಿಟ್ಟು ರಘು ಫೋನ್ ಮಾಡಿ, ತೆರಿಗೆ ಕಟ್ಟಿದ ದುಡ್ಡನ್ನು ಹಾಕಿ ಮುಪ್ಪಿನಲ್ಲಿ ತೆರಿಗೆ ಇಲ್ಲದೆ ತೆಗೆಯುವ ಇನ್ನೊಂದು ಬಗೆಯ ಐಆರ್‌ಎ, ಅಂದರೆ ರಾತ್ (Roth) ಐಆರ್‌ಎ ತೆರೆಯುತ್ತೇನೆ ಅಂದರು. ಯಾವುದೋ ವಿಡಿಯೊ ನೋಡಿದ್ದರು. ಅದು ಅವರಿಗೆ ಆಗುವುದಿಲ್ಲ. ಹೆಂಡತಿ ಅಮೆರಿಕದ ತೆರಿಗೆಗೆ ಸೇರದವರಾದ್ದರಿಂದ ಅವರು ರಿಟರ್ನ್ ಹಾಕುವುದು ಮದುವೆಯಾದ, ಆದರೆ ಬೇರೆ ಬೇರೆ ಸಲ್ಲಿಸುವವರ ಸಾಲಿನಲ್ಲಿ. ಒಟ್ಟಿಗೆ ವಾಸ ಮಾಡುತ್ತಾ ಆ ಸಾಲಿನಲ್ಲಿ ಹಾಕುವವರಿಗೆ 10,000 ಡಾಲರ್ ಆದಾಯಕ್ಕೇ ರಾತ್ ಮುಚ್ಚಿಹೋಗುತ್ತದೆ. ಸಾಂಪ್ರದಾಯಿಕ ಐಆರ್‌ಎಗೆ ಆ ಅಡ್ಡಿ ಇಲ್ಲ. ಹೆಂಡತಿಯನ್ನೂ ಅಮೆರಿಕದ ತೆರಿಗೆಗೆ ಸೇರಿಸಿಕೊಂಡು ಜಂಟಿಯಾಗಿ ಸಲ್ಲಿಸಲು ಅವಕಾಶ ಇದೆ. ಆದರೆ ಹಾಗೆ ಮಾಡಿದ ದಿನ ವೀಣಾ ಅವರ ಫಂಡೂ ಪಿಎಫ್‌ಐಸಿ ಬಲೆಗೆ ಬೀಳುತ್ತದೆ. ಒಂದು ರಾತ್ ಖಾತೆಗೋಸ್ಕರ ಅಷ್ಟು ಬೇಕಾ?

ಹಳೇ ಕಂಪನಿಯಲ್ಲಿ ಬಿಟ್ಟುಬಂದ 401(ಕೆ) ಹಾಗೇ ಇತ್ತು. ಒಡೆದು ತಂದು ಇಲ್ಲಿ ಫ್ಲ್ಯಾಟಿನ ಸಾಲ ತೀರಿಸುವ ಯೋಚನೆ ರಘುಗೆ ಇತ್ತು. ಐವತ್ತೊಂಬತ್ತೂವರೆಗೆ ಮುಂಚೆ ತೆಗೆದರೆ ತೆರಿಗೆಯ ಜೊತೆಗೆ, ತೆಗೆದ ದುಡ್ಡಿನ ಶೇಕಡಾ 10 ದಂಡ. ಬೇಡ ಅಂದೆ. ಖಾತೆಯ ಒಳಗೆ ಬೆಳೆಯುವ ದುಡ್ಡಿಗೆ ಭಾರತ ವರ್ಷ ವರ್ಷ ತೆರಿಗೆ ಕೇಳಬಾರದು, ಅಲ್ಲಿ ತೆಗೆದಾಗ ಮಾತ್ರ ಕೇಳಬೇಕು ಅಂತ ಇದ್ದರೆ ನಮ್ಮ ಆದಾಯ ತೆರಿಗೆ ಕಾನೂನಿಗೆ 2021ರಲ್ಲಿ ಸೇರಿಸಿದ 89ಎ ಸೆಕ್ಷನ್ನಿನ ಸೌಲಭ್ಯ ಇತ್ತು. ಅದಕ್ಕೆ ಫಾರಂ 10-ಇಇ ಕೊಡಬೇಕಿತ್ತು, ಅವರು ಕೊಟ್ಟಿರಲಿಲ್ಲ. ಇದನ್ನೂ ಲೆಕ್ಕಿಗರ ಪಟ್ಟಿಗೆ ಸೇರಿಸಿದೆವು.

ಆ 401(ಕೆ)ಯನ್ನು ಐಆರ್‌ಎಗೆ ವರ್ಗಾಯಿಸಲಾ ಅಂತ ರಘು ಕೇಳಿದಾಗ ವೀಣಾ ಎದುರೇ ಹೇಳಿದೆ, ಅವಸರ ಬೇಡ. 401(ಕೆ)ಯಲ್ಲಿ ಗಂಡ ಸತ್ತರೆ ದುಡ್ಡು ಹೆಂಡತಿಗೆ. ಬೇರೆಯವರ ಹೆಸರು ಬರೆಯಬೇಕಾದರೆ ಹೆಂಡತಿ ಬರವಣಿಗೆಯಲ್ಲಿ ಒಪ್ಪಬೇಕು. ಅಮೆರಿಕದ ಫೆಡರಲ್ ಕಾನೂನೇ ಹಾಗೆ ಹೇಳುತ್ತದೆ. ಐಆರ್‌ಎಗೆ ಹೋದರೆ ಆ ರಕ್ಷಣೆ ಇಲ್ಲ, ಫಾರಂನಲ್ಲಿ ಯಾರ ಹೆಸರಿದೆಯೋ ಅವರಿಗೆ. ರಘು 401(ಕೆ) ಫಾರಂನಲ್ಲಿ ಮದುವೆಗೆ ಮುಂಚೆ ಬರೆದ ಅಣ್ಣನ ಹೆಸರು ಇನ್ನೂ ಹಾಗೇ ಇತ್ತು. ಪಿಎಫ್‌ನಲ್ಲಿ ತಾಯಿಯ ಹೆಸರು. ಮದುವೆಯಾದ ಕೂಡಲೇ ಪಿಎಫ್‌ನ ಹಳೇ ನಾಮಿನೇಷನ್ ಬಿದ್ದುಹೋಗುತ್ತದೆ, ಹೊಸದು ಕೊಡಬೇಕು ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಗಂಡನ ಖಾತೆಗಳಲ್ಲಿ ಎಲ್ಲೂ ತನ್ನ ಹೆಸರಿಲ್ಲ, ತನ್ನ ಹೆಸರಿನಲ್ಲಿರುವುದೆಲ್ಲ ಗಂಡನದು ಅಂತ ವೀಣಾ ಅವತ್ತು ಹೇಳಿದರು. ರಘು ಅಲ್ಲೇ ಕೂತು ಫೋನಿನಲ್ಲಿ ಪಿಎಫ್ ನಾಮಿನೇಷನ್ ಬದಲಿಸಲು ಶುರು ಮಾಡಿದರು. ಸೈಟು ಎರಡು ಸಲ ಕೈಕೊಟ್ಟಿತು.

ಕೊನೆಗೆ ಅಮೆರಿಕದ ಸರ್ಕಾರಿ ಪಿಂಚಣಿ, ಸೋಷಿಯಲ್ ಸೆಕ್ಯುರಿಟಿ. ಇದು ಸಿಗಬೇಕಾದರೆ 40 ಕ್ರೆಡಿಟ್ ಬೇಕು, ವರ್ಷಕ್ಕೆ ನಾಲ್ಕರಂತೆ ಹತ್ತು ವರ್ಷದ ದುಡಿಮೆ. ರಘು ದುಡಿದದ್ದು ಎಂಟು ವರ್ಷ, 32 ಕ್ರೆಡಿಟ್. ಈಗಿನ ಕಂಪನಿಯ ಬ್ಯಾಡ್ಜಿನ ಮೇಲೆ ಅಮೆರಿಕದ್ದೇ ಹೆಸರಿದೆ. ಆದರೆ ಸಂಬಳ ಕೊಡುವುದು ಇಲ್ಲಿನ ಪ್ರೈವೇಟ್ ಲಿಮಿಟೆಡ್. ಆದ್ದರಿಂದ ಬೆಂಗಳೂರಿಗೆ ಬಂದ ದಿನದಿಂದ ಕ್ರೆಡಿಟ್ ನಿಂತಿದೆ. ಅಮೆರಿಕ ಹಲವು ದೇಶಗಳ ಜೊತೆ ಸಾಮಾಜಿಕ ಭದ್ರತೆಯ ಒಪ್ಪಂದ ಮಾಡಿಕೊಂಡಿದೆ, ಜರ್ಮನಿಯಲ್ಲೋ ಜಪಾನಿನಲ್ಲೋ ದುಡಿದಿದ್ದರೆ ಎರಡೂ ಕಡೆಯ ವರ್ಷಗಳನ್ನು ಕೂಡಿಸಬಹುದಿತ್ತು. ಭಾರತದ ಜೊತೆ ಇಲ್ಲ. ಎಂಟು ಕ್ರೆಡಿಟ್ ಕಡಿಮೆ ಬಿದ್ದರೆ ಅವರು ಎಂಟು ವರ್ಷ ಕಟ್ಟಿದ್ದಕ್ಕೆ ಪಿಂಚಣಿ ಏನೂ ಬರುವುದಿಲ್ಲ.

ಇದಕ್ಕೊಂದು ದಾರಿ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಒಪ್ಪಂದ ಇಲ್ಲದ ದೇಶದಲ್ಲಿ ಅಮೆರಿಕದ ಪ್ರಜೆ ಸ್ವಂತವಾಗಿ ಕನ್ಸಲ್ಟಿಂಗ್ ಮಾಡಿದರೆ ಆ ಗಳಿಕೆಗೆ ಶೇಕಡಾ 15.3 ಸ್ವಯಂ ಉದ್ಯೋಗ ತೆರಿಗೆ ಕಟ್ಟಲೇಬೇಕು. ಎಲ್ಲರೂ ಅದನ್ನು ಬೈಯುತ್ತಾರೆ. ಆದರೆ ಅದರಿಂದ ಕ್ರೆಡಿಟ್ ಸಿಗುತ್ತದೆ. 2025ರಲ್ಲಿ ಒಂದು ಕ್ರೆಡಿಟ್ಟಿಗೆ 1,810 ಡಾಲರ್ ಗಳಿಕೆ ಸಾಕಿತ್ತು, ನಾಲ್ಕಕ್ಕೆ 7,240. ತೆರಿಗೆ ವರ್ಷಕ್ಕೆ ಸಾವಿರದ ನೂರು ಡಾಲರ್ ಚಿಲ್ಲರೆ. ಎರಡು ವರ್ಷ ಹೀಗೆ ಮಾಡಿದರೆ ನಲವತ್ತು ತುಂಬುತ್ತದೆ. ಕಂಪನಿಯ ಕರಾರಿನಲ್ಲಿ ಹೊರಗಿನ ಕೆಲಸಕ್ಕೆ ಅವಕಾಶ ಇರಬೇಕು ಅಷ್ಟೆ. ಪಿಂಚಣಿ ದೊಡ್ಡದೇನೂ ಆಗುವುದಿಲ್ಲ, 35 ವರ್ಷದ ಗಳಿಕೆಯ ಮೇಲೆ ಲೆಕ್ಕ ಹಾಕುವುದರಿಂದ ಖಾಲಿ ವರ್ಷಗಳು ಸೊನ್ನೆಯಾಗಿ ಸೇರುತ್ತವೆ. ಆದರೂ ಸಾಯುವ ತನಕ ಬರುವ ಡಾಲರ್. ಭಾರತದಲ್ಲಿದ್ದುಕೊಂಡೇ ತೆಗೆದುಕೊಳ್ಳಬಹುದು, ಎರಡು ದೇಶಗಳ ತೆರಿಗೆ ಒಪ್ಪಂದದ ಪ್ರಕಾರ ಅದಕ್ಕೆ ಭಾರತ ತೆರಿಗೆ ಹಾಕುವುದೂ ಇಲ್ಲ.

ವೀಣಾ ಕೇಳಿದರು, ಅದರಲ್ಲಿ ನನಗೆ ಏನಾದ್ರೂ ಬರುತ್ತಾ? ಅಲ್ಲಿನ ಪ್ರಜೆಯಾಗಿದ್ದರೆ ಹೆಂಡತಿಯ ಪಾಲು, ಗಂಡ ಹೋದ ಮೇಲಿನ ಪಾಲು ಎರಡೂ ಇದೆ. ಅಮೆರಿಕದಲ್ಲಿ ಐದು ವರ್ಷ ವಾಸ ಮಾಡದ ಭಾರತೀಯ ಹೆಂಡತಿಗೆ ಇಲ್ಲಿ ಕೂತರೆ ಸಾಮಾನ್ಯವಾಗಿ ಬರುವುದಿಲ್ಲ. ಇದನ್ನು ಹೇಳಿದ ಮೇಲೆ ರಘು ಫಂಡಿನ ವಿಷಯವನ್ನು ತಾವಾಗಿಯೇ ಎತ್ತಿದರು. ಪೂರ್ತಿ ವೀಣಾಗೇ ಇರಲಿ, ಇನ್ನು ಮುಂದೆ ನನ್ನ ಪಾಲನ್ನು ಐಆರ್‌ಎ, ಪಿಎಫ್‌ನಲ್ಲೇ ಕಟ್ಟಿಕೊಳ್ಳುತ್ತೇನೆ ಅಂದರು. ಫೋನ್ ನಂಬರ್ ಆ ವಾರವೇ ಬದಲಾಯಿತು. ತಾಯಿಗೆ ಕೊಟ್ಟ ನಾಲ್ಕು ಲಕ್ಷದ ಮಾತು ಮತ್ತೆ ಬರಲಿಲ್ಲ. ರಘು ಕ್ಷಮೆ ಕೇಳಿದರಾ ಅಂತ ನನಗೆ ಗೊತ್ತಿಲ್ಲ, ನಾನು ಕೇಳಲೂ ಇಲ್ಲ.

ವೀಣಾ ಮೊದಲು ಮಾಡಿದ್ದು ಆರು ಫಂಡುಗಳಲ್ಲಿ ನಾಲ್ಕನ್ನು ನಿಲ್ಲಿಸಿದ್ದು. ಇಷ್ಟೊಂದು ಯಾಕೆ ಅಂತ ಅರ್ಥವಾಗಲಿಲ್ಲವಂತೆ. ರಘುಗೆ ಅದು ಸರಿ ಕಾಣಲಿಲ್ಲ, ಹೇಳಿದರು, ವೀಣಾ ಕೇಳಲಿಲ್ಲ. ಕನ್ಸಲ್ಟಿಂಗ್ ಮಾತ್ರ ಇನ್ನೂ ಶುರುವಾಗಿಲ್ಲ. ಶನಿವಾರ, ಭಾನುವಾರ ಅದಕ್ಕೇ ಹೋದರೆ ಮಕ್ಕಳನ್ನು ಯಾರು ನೋಡುತ್ತಾರೆ ಅಂತ ವೀಣಾ ತಕರಾರು ತೆಗೆದಿದ್ದಾರೆ. ತಾವೂ ಮತ್ತೆ ಪಾಠಕ್ಕೆ ಹೋಗಬೇಕು ಅಂತಿದ್ದಾರೆ. ಹಾಗಾಗಿ ಆ ಎಂಟು ಕ್ರೆಡಿಟ್ಟಿನ ವಿಷಯ ಸದ್ಯ ಅಲ್ಲೇ ನಿಂತಿದೆ.